ಲಾಸ್ಲೋನ ‘ವದೊನ್’

ಪದಗಳ ಮೂಲ ಹುಡುಕುವುದೂ ಒಂದು ಚಟವೇ. ಎಲೆ ಅಡಿಕೆಯಿಂದ ಹಲ್ಲು ಮಾತ್ರ ಕೆಡುತ್ತದೆ, ಇದರಿಂದ ಮನುಷ್ಯನೇ ಕೆಡುತ್ತಾನೆ. ನನಗದು ಹಳಿಯಾಳದ ಶಾಲೆಯಲ್ಲಿ ಅಂಟಿಕೊಂಡಿತು. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಟಪಾಲು ಕಾರಕೂನನಾದ ಮೇಲೂ ಬಿಡಲಿಲ್ಲ. ‘ದಿಮ್ಮಿ’ ಎಂಬ ಮಾತು ಎಲ್ಲಿಂದ ಬಂದಿರಬಹುದೆಂದು ಯೋಚಿಸುತ್ತ ಎರಡು ದಿಮ್ಮಿಗಳಿಗೆ ಒಂದೇ ನಂಬರು ಬರೆದು ಬೈಸಿಕೊಂಡವನು ನಾನು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಳಗಿಯ ಕ್ಯಾಂಪಿನಲ್ಲಿ ಗರಗಸದ ಯಂತ್ರ ನೋಡಿಕೊಳ್ಳಲು ಲಾಸ್ಲೋ ಎಂಬ ಹಂಗೇರಿಯ ಮೆಕ್ಯಾನಿಕ್ ಇದ್ದ. ತನ್ನ ದೇಶದಲ್ಲಿ ಗಲಭೆಯಾದಾಗ ನಡೆದೇ ಗಡಿ ದಾಟಿದವನು. ತಾಯಿ ಅಲ್ಲೇ ಉಳಿದಿದ್ದಳು. ಆಕೆಯ ಕಾಗದಗಳು ನಮ್ಮ ಡಿಪೋಕ್ಕೆ ಬರುತ್ತಿದ್ದವು. ಪ್ರತಿ ಶನಿವಾರ ಅವನು ಬಂದು ಒಯ್ಯುತ್ತಿದ್ದ. ನಡುವೆ ಬಂದರೆ ದಿನವೂ ಕುಳಗಿಗೆ ಹೋಗಿಬರುವ ಗಾರ್ಡ್ ಬಸ್ತ್ಯಾಂವನ ಕೈಯಲ್ಲಿ ನಾನು ಕಳಿಸುತ್ತಿದ್ದೆ. ಈ ಸಿದ್ದಿ ಬಸ್ತ್ಯಾಂವನೇ ಲಾಸ್ಲೋಗೆ ಕನ್ನಡ ಕಲಿಸಿದ ಗುರು.

ಒಂದು ಶನಿವಾರ, ಕಾಡಿಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಲಾಸ್ಲೋನನ್ನು ಕೇಳಿದೆ. ‘ವದೊನ್’ ಎಂದ. ‘ವದ್’ ಎಂದರೆ ಪಳಗದ ಪ್ರಾಣಿ. ಅದಕ್ಕೊಂದು ಬಾಲ ಹಚ್ಚಿದರೆ ಆ ಪ್ರಾಣಿಯಿರುವ, ಜನರಿಲ್ಲದ ಕಾಡು. ಯಾರೂ ನೆಡದೆ ತಾನಾಗಿ ಬೆಳೆದ ಗಿಡವನ್ನೂ ‘ವದೊನ್’ ಬೆಳೆದದ್ದು ಅನ್ನುತ್ತಾರಂತೆ. ನಮ್ಮ ಹಾಗೆಯೇ ಅವರೂ ವಿಭಕ್ತಿಯನ್ನು ಪದದ ಕೊನೆಗೆ ಅಂಟಿಸುತ್ತಾರೆ. ‘ಕಾಡಿನಲ್ಲಿ’ ಎನ್ನಲು ‘ವದೊನ್‌ಬನ್’.

ನಾನು ಕುರ್ಚಿ ಬಿಟ್ಟು ಎದ್ದೆ. “ನೋಡ್ರಿ, ನಮ್ಮ ‘ಬನ’ ಐತಿ ಅದರಾಗ.”

“ಅಲ್ಲರೀ. ಬನ್ ಅಂದ್ರ ಒಳಗ. ಮನಿಯೊಳಗ ಅನ್ನಾಕೂ ಬನ್ ಹಚ್ಚತೇವಿ.”

“ಮೊದಲ ಮನಿಗೋಳೂ ಬನದಾಗ ಇದ್ದವಲ್ಲ?”

ಅವನು ಟೋಪಿ ಎತ್ತಿಕೊಂಡ. “ಅದು ನಮ್ಮವ್ವ ಕಲಿಸಿದ ಮಾತು. ನಿಮಗಿಂತ ನನಗ ಗೊತ್ತೈತಿ,” ಎಂದು ಹೊರಟುಹೋದ. ಉಳಿದ ಕಾರಕೂನರು ನಕ್ಕರು. ನನ್ನ ಪಾಂಡಿತ್ಯಕ್ಕೆ ಅಂಥ ಅವಮಾನ ಹಿಂದೆಂದೂ ಆಗಿರಲಿಲ್ಲ.

ಮುಂದಿನ ವಾರ ಅವನ ಹೆಸರಿಗೆ ಕಾಗದ ಬಂತು. “ಸಾಹೇಬಂದು ಟಪಾಲ ಏನರ ಬಂದೈತೇನ್ರಿ? ದಿನಾ ಕೇಳ್ತಾನ,” ಎಂದ ಬಸ್ತ್ಯಾಂವ. ಇಲ್ಲವೆಂದೆ. ತಾನೇ ಬಂದು ಬನದ ವಿಷಯ ಒಪ್ಪಿಕೊಳ್ಳಲಿ ಎಂಬುದು ನನ್ನ ಹಟ. ಅವನನ್ನು ಸೋಲಿಸಲು ಬೇಕಾದ ಪದಗಳ ಪಟ್ಟಿಯನ್ನೂ ಸಿದ್ಧಮಾಡಿದ್ದೆ. ಆ ಪಟ್ಟಿಯ ಕೆಳಗೆ, ಡ್ರಾಯರಿನಲ್ಲಿ, ಕಾಗದ ಒಂಬತ್ತು ದಿನ ಬಿದ್ದಿತ್ತು. ಆ ಶನಿವಾರ ಅವನು ಬರಲೇ ಇಲ್ಲ.

ಒಂಬತ್ತನೆಯ ದಿನ ಬಸ್ತ್ಯಾಂವ, “ಸಾಹೇಬ ಊಟಾ ಬಿಟ್ಟಾನ್ರಿ. ಅವರವ್ವಗ ಆರಾಮಿಲ್ಲಂತ ಹಿಂದಿನ ಕಾಗದದಾಗ ಇತ್ತಂತ,” ಎಂದ.

ಆಗಲೇ ಸೈಕಲ್ ಹತ್ತಿದೆ. ಲಾಸ್ಲೋ ಗರಗಸದ ಹಲ್ಲುಗಳಿಗೆ ಕಾನಸು ಹಾಕಿ ಹರಿತ ಮಾಡುತ್ತಿದ್ದ. ಕೈಯೊರೆಸಿಕೊಂಡು ಲಕೋಟೆ ನೋಡಿದ. ಬರಹ ತಾಯಿಯದಲ್ಲ, ನೆರೆಮನೆಯವರದು. ನಿಂತೇ ಓದಿದ, ಆಮೇಲೆ ದಿಮ್ಮಿಯ ಮೇಲೆ ಕೂತ. ತಾಯಿಯನ್ನು ಮಣ್ಣು ಮಾಡಿ ತಿಂಗಳಾಗಿತ್ತು.

ಹಾಗಾದರೆ ನನ್ನ ಒಂಬತ್ತು ದಿನಗಳಿಂದ ಏನೂ ಕೆಟ್ಟಿಲ್ಲ ಎಂದು ನನ್ನ ಮನಸ್ಸು ಮೊದಲು ಲೆಕ್ಕ ಹಾಕಿತು. ಆ ನೆಮ್ಮದಿಗೆ ಇವತ್ತಿಗೂ ನಾಚುತ್ತೇನೆ.

“ಮೊದಲ ಗೊತ್ತಾಗಿದ್ರೂ ಹೋಗಾಕ ಆಗ್ತಿದ್ದಿಲ್ಲ. ಹೋದ್ರ ಜೇಲಿಗೆ ಹಾಕ್ತಿದ್ರು,” ಎಂದ. ಕಾಗದ ಮಡಿಚಿ ಜೇಬಿಗಿಟ್ಟು, “ವದೊನ್‌ಬನ್ ಅನ್ರಿ ಒಮ್ಮೆ. ನಮ್ಮ ಮಾತಿನ್ಯಾಗ ನನಗ ಬರಿಯಾವರು ಇನ್ನ ಯಾರೂ ಇಲ್ಲ,” ಎಂದ.

ಅಂದೆ. ಉಚ್ಚಾರ ತಪ್ಪಿತು, ತಿದ್ದಿದ. ಮತ್ತೆ ಅಂದೆ, ಮತ್ತೆ ತಿದ್ದಿದ. ಮೂರನೆಯ ಸಲ ಸರಿಯಾಯಿತೇನೋ, ಅವನು ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಬಸ್ತ್ಯಾಂವ ಬಂದು ಚಹಾ ಕಾಸಿ ಕೊಟ್ಟ. ಲಾಸ್ಲೋ ನನ್ನ ಕೈ ಹಿಡಿದು, “ಇಂಥಾ ಬಿಸಲಾಗ ನೀವ ಸ್ವತಃ ತಂದ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ,” ಎಂದ. ಬಸ್ತ್ಯಾಂವ ನನ್ನನ್ನೊಮ್ಮೆ ನೋಡಿ, ಒಲೆಯ ಕಡೆ ತಿರುಗಿದ.

“ಅದರಾಗೇನೈತ್ರಿ,” ಎಂದೆ ನಾನು. ಅಷ್ಟಕ್ಕೆ ನಿಲ್ಲಿಸಲಿಲ್ಲ, ಲಾಸ್ಲೋ ಒತ್ತಾಯ ಮಾಡಿದನೆಂದು ಇನ್ನೊಂದು ಕಪ್ ಚಹಾವನ್ನೂ ಕುಡಿದು ಬಂದೆ.