ಊಟದ ನಂತರ ಕೆಡುವ ಯಂತ್ರ

ಬೆಳಿಗ್ಗೆಯೆಲ್ಲ ಆನೆಯ ಹಾಗೆ ಮಣ್ಣು ತೋಡುತ್ತಿದ್ದ ಆ ಹಳದಿ ಎಕ್ಸ್‌ಕವೇಟರ್‌ಗೆ ಮಧ್ಯಾಹ್ನದ ಊಟವಾದ ಮೇಲೆ ಅದೇನಾಗುತ್ತಿತ್ತೋ, ಸೊಂಡಿಲು ಅರ್ಧಕ್ಕೇ ನಿಲ್ಲಿಸಿ ಏದುಸಿರು ಬಿಡುತ್ತಿತ್ತು. ಊಟ ಮಾಡುತ್ತಿದ್ದವನು ಅದರ ಡ್ರೈವರ್, ತೂಕಡಿಕೆ ಬರುತ್ತಿದ್ದದ್ದು ಮಾತ್ರ ಯಂತ್ರಕ್ಕೆ. ಪರದೆಯಲ್ಲಿ ಕೆಂಪು ದೀಪ ಹತ್ತಿ ‘ಹೈಡ್ರಾಲಿಕ್ ಪ್ರೆಶರ್ ಸೆನ್ಸರ್ ದೋಷ’ ಎಂಬ ಸಾಲು ಮೂಡುತ್ತಿತ್ತು. ಸೆನ್ಸರ್ ಎಂದರೆ ಹೆಬ್ಬೆರಳಿನಷ್ಟು ಸಾಮಾನು. ಪಂಪಿನ ಎಣ್ಣೆಯ ಒತ್ತಡ ಎಷ್ಟಿದೆಯೆಂದು ಕಂಪ್ಯೂಟರಿಗೆ ಚಾಡಿ ಹೇಳುವುದೇ ಅದರ ಉದ್ಯೋಗ. ಚಾಡಿ ಸರಿಯಾಗಿ ಕೇಳಿಸದಿದ್ದರೆ ಕಂಪ್ಯೂಟರು ಹೆದರಿ ಇಂಜಿನ್ನಿನ ಕತ್ತು ಹಿಸುಕುತ್ತಿತ್ತು.

ಹಳೇ ಯಂತ್ರಗಳನ್ನು ಮಾರುವ ಆ ಅಂಗಳದಲ್ಲಿ ಡ್ರೈವರನನ್ನು ಎಲ್ಲರೂ ಬೆವರಪ್ಪ ಎಂದೇ ಕರೆಯುತ್ತಿದ್ದರು. ಚಳಿಯಲ್ಲೂ ಅವನ ಅಂಗಿಯ ಬೆನ್ನು ಒದ್ದೆ. ಇವತ್ತಂತೂ ಬೆಳಗಿನಿಂದಲೇ ಬೆವರುತ್ತಿದ್ದ. ಮೂರು ಗಂಟೆಗೆ ಗುತ್ತಿಗೆದಾರರೊಬ್ಬರು ಯಂತ್ರ ನೋಡಲು ಬರುವವರಿದ್ದರು. “ಮೆಷಿನ್ ಚೆನ್ನಾಗಿದ್ರೆ ಅದರ ಜೊತೆ ನೀನೂ ಬಂದ್ಬಿಡು,” ಎಂದು ಫೋನಿನಲ್ಲೇ ಹೇಳಿದ್ದರು. ಅವರ ಕೆಲಸದ ಜಾಗ ಬೆವರಪ್ಪನ ಮನೆಯಿಂದ ಐದು ನಿಮಿಷದ ನಡಿಗೆ. ಈಗಿನ ಕೆಲಸಕ್ಕೆ ಎರಡು ಬಸ್ಸು. ಮಗಳು ಏಳುವ ಮೊದಲೇ ಹೊರಟು ಅವಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಅವಳು ಅವನಿಗೆ ‘ಭಾನುವಾರದಪ್ಪ’ ಎಂದು ಹೆಸರಿಟ್ಟಿದ್ದಳು. ಆ ಹೆಸರು ಅಳಿಸಬೇಕೆಂದರೆ ಇವತ್ತು ಯಂತ್ರ ಮಾರಾಟವಾಗಬೇಕಿತ್ತು. ಈಗಾಗಲೇ ಇಬ್ಬರು ಗಿರಾಕಿಗಳು ಕೆಂಪು ದೀಪ ನೋಡಿ ಬಂದ ದಾರಿ ಹಿಡಿದಿದ್ದರು.

“ರೋಗ ಹಿಡಿದ ಮೆಷಿನ್ನ ಮನೇಲಿಟ್ಕೋಬಾರ್ದು ಕಣೋ,” ಎಂದರು ಯಜಮಾನರು. “ಇವತ್ತು ಹೇಗಾದ್ರೂ ಸಾಗಹಾಕು.”

ಹೇಳಿ ಅವರು ಕೋಣೆಗೆ ಹೋದರು. ಸಲಹೆ ಕೊಡುವವರು ಹೊರಗೆ ಬಂದರು.

“ಸೆನ್ಸರ್‌ಗೆ ವಯಸ್ಸಾಗಿದೆ,” ಎಂದ ಪೇಂಟರ್. “ಹೊಸದಾಗಿ ಕಂಡ್ರೆ ಹೊಸದಾಗೇ ನಡಿಯತ್ತೆ.” ಬೇಡವೆನ್ನುವಷ್ಟರಲ್ಲಿ ಸೆನ್ಸರಿಗೂ ಅದರ ಪ್ಲಗ್ಗಿಗೂ ಪಕ್ಕದ ಪೈಪಿಗೂ ಒಂದೇ ಬೀಸಿನಲ್ಲಿ ಹಳದಿ ಬಳಿದ.

“ಬಣ್ಣ ಯಾವ ರೋಗಕ್ಕೆ ಮದ್ದು? ಇದು ಬರೀ ಧೂಳು,” ಎಂದು ವಾಚ್‌ಮನ್ ನೀರಿನ ಪೈಪು ಹಿಡಿದ. ನೀರು ಹಸಿ ಬಣ್ಣವನ್ನು ಹೊತ್ತುಕೊಂಡು ನೇರ ಪ್ಲಗ್ಗಿನೊಳಕ್ಕೆ ಇಳಿಯಿತು. ಊಟದ ನಂತರ ಹತ್ತುತ್ತಿದ್ದ ಕೆಂಪು ದೀಪ ಹನ್ನೊಂದಕ್ಕೇ ಹತ್ತಿತು, ಜೊತೆಗೆ ಇನ್ನೊಂದನ್ನೂ ಕರೆತಂದಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತು ಬೆವರಪ್ಪನಿಗೆ ಆವತ್ತು ಪೂರ್ತಿ ಅರ್ಥವಾಯಿತು. ಅವನು ಮೀಟರಕ್ಕನಿಗೆ ಫೋನ್ ಮಾಡಿದ.

ಮೀಟರಕ್ಕ ಯಂತ್ರಗಳ ರಿಪೇರಿ ಮಾಡುವ, ಐವತ್ತು ದಾಟಿದ ಹೆಂಗಸು. ಸ್ಕೂಟರಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಅವಳು ಕೆಲಸ ಮಾಡುವುದನ್ನು ನೋಡುವುದೇ ಒಂದು ಭಾಗ್ಯ ಎಂಬುದು ಈ ಕತೆ ಹೇಳುತ್ತಿರುವವನ ಖಚಿತ ಅಭಿಪ್ರಾಯ. ಅವಸರವಿಲ್ಲ, ಊಹೆಯಿಲ್ಲ, ಬಾಯಿ ಬಡಾಯಿಯಿಲ್ಲ. ಪ್ಲಗ್ಗು ಬಿಚ್ಚಿ, ಬಣ್ಣ ಕೆರೆದು, ಒಂದೊಂದೇ ಪಿನ್ನನ್ನು ಮಗುವಿನ ಹಾಲುಹಲ್ಲು ತಿಕ್ಕಿದ ಹಾಗೆ ತಿಕ್ಕಿ ಒಣಗಿಸಿದಳು. ಎರಡೂ ದೀಪ ಆರಿದವು. ಆಮೇಲೆ ಪೈಪಿಗೆ ಒತ್ತಡ ಅಳೆಯುವ ತನ್ನದೇ ಗೇಜು ಕೂಡಿಸಿ ಸೊಂಡಿಲು ಎತ್ತಿಸಿದಳು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

“ಪಂಪು ಕಲ್ಲಿನ ಹಾಗಿದೆ,” ಎಂದಳು.

“ಹಾಗಾದ್ರೆ ಹೊಸ ಸೆನ್ಸರ್ ತರ್ಲಾ ಅಕ್ಕ?”

“ತಡಿ. ತಲೆನೋವು ಅಂದ ತಕ್ಷಣ ತಲೆ ಬದಲಾಯಿಸ್ತಾರಾ? ಕೆಡೋದು ಯಾವಾಗ?”

“ಊಟ ಆದ್ಮೇಲೆ.”

“ಹಾಗಾದ್ರೆ ಊಟ ಮಾಡ್ಕೊಂಡು ಬಾ.”

ಬೆವರಪ್ಪ ನಾಲ್ಕು ತುತ್ತು ನುಂಗಿ ಓಡಿ ಬಂದ. ಅಷ್ಟರಲ್ಲಿ ಮೀಟರಕ್ಕ ಸೆನ್ಸರಿನ ವೈರಿಗೆ ಮೀಟರ್ ಕಚ್ಚಿಸಿ ಕೂತಿದ್ದಳು. ಐದು ವೋಲ್ಟು, ಸರಿಯಾಗಿ ಐದು. ಅವನು ಹತ್ತಿ ಕೂತ. ಅರೆನಿಮಿಷದಲ್ಲಿ ಮೀಟರು ಮೂರೂವರೆಗೆ ಬಿತ್ತು, ಕೆಂಪು ದೀಪ ಹತ್ತಿತು.

“ಈಗ ಏನು ಮಾಡ್ದೆ?”

“ಏನಿಲ್ಲ ಅಕ್ಕ. ಕೂತೆ ಅಷ್ಟೇ.”

“ಇಳಿ. ಮತ್ತೆ ಹತ್ತು. ದಿನಾ ಏನೇನು ಮಾಡ್ತೀಯೋ ಅದೆಲ್ಲ ಒಂದೊಂದಾಗಿ ಮಾಡು.”

ಬೆವರಪ್ಪ ಎಲ್ಲ ಆರಿಸಿ ಇಳಿದ, ಮತ್ತೆ ಹತ್ತಿದ. ಬಾಗಿಲು ಮುಚ್ಚಿದ. ಟವೆಲ್ಲು ಕೊರಳಿಗೆ ಸುತ್ತಿಕೊಂಡ. ಕನ್ನಡಿ ಸರಿಮಾಡಿದ. ಒಂದು ಪುಟ್ಟ ಗುಂಡಿ ಒತ್ತಿದ. ಮೀಟರು ಮತ್ತೆ ಮೂರೂವರೆಗೆ ಬಿತ್ತು.

“ನಿಲ್ಲು,” ಎಂದಳು ಮೀಟರಕ್ಕ. “ಅದೇನದು?”

ಅದು ಅಂಗೈಯಗಲದ ಫ್ಯಾನು. ಮಧ್ಯಾಹ್ನದ ಸೆಕೆ ತಡೆಯಲಾರದೆ ಹೋದ ತಿಂಗಳು ತಾನೇ ಕೂರಿಸಿಕೊಂಡದ್ದು.

“ಇದಕ್ಕೆ ಕರೆಂಟ್ ಎಲ್ಲಿಂದ ತಗೊಂಡೆ?”

“ಸೀಟಿನ ಹಿಂದಿನ ವೈರಿಂದ. ಫ್ಯಾನಿಗೆ ಐದು ವೋಲ್ಟ್ ಬೇಕಿತ್ತು, ಅಲ್ಲಿ ಅಳತೆ ಕೊಟ್ಟ ಹಾಗೆ ಐದೇ ಇತ್ತು,” ಎಂದ, ಸ್ವಲ್ಪ ಹೆಮ್ಮೆಯಿಂದಲೇ.

“ಇರತ್ತಪ್ಪ. ಅದು ಸೆನ್ಸರಿನ ಊಟ. ಅದರ ಬಾಯಿಂದ ತುತ್ತು ಕಿತ್ಕೊಂಡು ನೀನು ಗಾಳಿ ತಗೋತಿದ್ದೆ. ಹೊಟ್ಟೆಗಿಲ್ದೆ ಅದು ಏನಂತ ಹೇಳತ್ತೆ?”

ಮಾಡಿದ್ದುಣ್ಣೋ ಮಹಾರಾಯ. ಇಬ್ಬರು ಗಿರಾಕಿಗಳನ್ನು ಓಡಿಸಿದ ರೋಗ ತಾನೇ ಎಂದು ತಿಳಿದು ಬೆವರಪ್ಪ ಮೊದಲ ಸಲ ತಣ್ಣಗಾದ. ಮೀಟರಕ್ಕ ಫ್ಯಾನು ಕಳಚಿ ಅವನ ಕೈಗಿಟ್ಟು, ವೈರಿಗೆ ಗಾಯದ ಗುರುತೂ ಕಾಣದಂತೆ ಟೇಪು ಸುತ್ತಿದಳು.

ಮೂರಕ್ಕೆ ಗುತ್ತಿಗೆದಾರರು ಬಂದರು. ಬೆವರಪ್ಪ ಅಂಗಳದ ಹಿಂದಿನ ಬಯಲಿನಲ್ಲಿ ದಾರ ಹಿಡಿದು ಎಳೆದಂತೆ ಒಂದು ಕಾಲುವೆ ತೋಡಿದ. ಯಂತ್ರ ಒಮ್ಮೆಯೂ ಏದುಸಿರು ಬಿಡಲಿಲ್ಲ. ಪೇಂಟರ್ ಕೂಡ ಬಣ್ಣದ ಡಬ್ಬಿ ಕೆಳಗಿಟ್ಟು ನೋಡಿದ.

“ತಗೋತೀನಿ,” ಎಂದರು ಗುತ್ತಿಗೆದಾರರು. “ಡ್ರೈವರ್ ಸಮೇತ.”

ಬೆವರಪ್ಪ ಮನಸ್ಸಿನಲ್ಲೇ ಮಗಳನ್ನು ಶಾಲೆಗೆ ಬಿಟ್ಟು ಬಂದುಬಿಟ್ಟ.

ಯಜಮಾನರು ಕೋಣೆಯಿಂದ ಬಂದರು. ಯಂತ್ರವನ್ನು ಒಂದು ಸುತ್ತು ಸುತ್ತಿದರು, ಅದರ ಬೆನ್ನು ಸವರಿದರು. “ರೋಗ ಇದೆ ಅಂತ ಮಾರಕ್ಕೆ ಹೊರಟಿದ್ದೆ. ಈಗ ರೋಗ ಎಲ್ಲಿದೆ? ಇಂಥ ಮೆಷಿನ್ನ ಯಾರಾದ್ರೂ ಮಾರ್ತಾರಾ? ನಾನೇ ಬಾಡಿಗೆಗೆ ಬಿಡ್ತೀನಿ. ಕೈ ಪಳಗಿದ ಡ್ರೈವರೂ ಇದ್ದಾನೆ.”

“ಮೆಷಿನ್ ಇಲ್ದೆ ಬರೀ ಡ್ರೈವರ್ ತಗೊಂಡು ನಾನೇನ್ಮಾಡ್ಲಿ,” ಎಂದು ಗುತ್ತಿಗೆದಾರರು ಮೀಟರಕ್ಕನ ಕಡೆ ತಿರುಗಿದರು. “ಅಮ್ಮ, ನನ್ನ ಹತ್ರ ನಾಲ್ಕು ಮೆಷಿನ್ ಕೆಮ್ತಾ ಬಿದ್ದಿವೆ. ನೀವಾದ್ರೂ ಬನ್ನಿ.”

ಬೆವರಪ್ಪನ ಮನೆಯಿಂದ ಐದು ನಿಮಿಷದ ಆ ಜಾಗಕ್ಕೆ ಮೀಟರಕ್ಕನ ಸ್ಕೂಟರು ಹೊರಟಿತು. ಯಂತ್ರದ ಮೊದಲ ಬಾಡಿಗೆ ಕೆಲಸವೂ ಸಂಜೆಯೊಳಗೇ ನಿಗದಿಯಾಯಿತು. ಅಲ್ಲಿಗೆ ಮೂರು ಬಸ್ಸು.

ಮಗಳು ಫೋನ್ ಮಾಡಿದಳು. “ಅಪ್ಪ, ಮೆಷಿನ್ ಸರಿಹೋಯ್ತಾ?”

“ಹೋಯ್ತು ಮಗಳೇ.”

“ಮತ್ತೆ ಮಾರಾಟ ಆಯ್ತಾ?”

ಬೆವರಪ್ಪ ಕೈಯಲ್ಲಿದ್ದ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿದ.

“ಸರಿಹೋಗ್ಬಿಡ್ತಲ್ಲಮ್ಮ,” ಎಂದ. “ಅದಕ್ಕೇ ಆಗ್ಲಿಲ್ಲ.”