ವರನನ್ನು ವಧು ಮಾಡಿದ ಕಾರ್ಯಾನುಭವ

ನಾನು ತುಮಕೂರು ಕಡೆಯವನು. ಚಿಕ್ಕೋಡಿಯ ಸರ್ಕಾರಿ ಹೈಸ್ಕೂಲಿಗೆ ಕನ್ನಡ ಮೇಷ್ಟರಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆದರೂ ಈ ಸೀಮೆಯನ್ನು ಅರೆದು ಕುಡಿದಿದ್ದೇನೆಂಬ ಧೈರ್ಯವಿತ್ತು. ಪ್ರೆಸ್ಸುಗಳಲ್ಲಿ ಇನ್ನೂ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲವದು.

ಕಾರ್ಯಾನುಭವದ ಪಿರಿಯಡ್ಡಿನಲ್ಲಿ ಮಕ್ಕಳು ವರ್ಷವಿಡೀ ಕಾಗದದ ಹೂವನ್ನೇ ಮಾಡುತ್ತಿದ್ದರು. ಹೂವು ಸಾಕು, ಹದಿನೈದು ದಿನ ನಿಜವಾದ ಪ್ರೆಸ್ಸಿಗೆ ಹೋಗಿ ಕೆಲಸ ಕಲಿಯಲಿ ಎಂದು ಹೆಡ್‌ಮಾಸ್ತರರ ಮುಂದೆ ಭಾಷಣ ಮಾಡಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಹೆಚ್ಚುಕಮ್ಮಿ ಆದ್ರ ಜವಾಬ್ದಾರಿ ನಿಮ್ಮದ ನೋಡ್ರಿ" ಎಂದರು. ನಾನು ನಕ್ಕೆ. ಆಮೇಲೆ ಬಹಳ ದಿನ ನಗಲಿಲ್ಲ.

ಪ್ರೆಸ್ಸಿನ ಮಾಲಕರಾದ ಬಾಬುಕಾಕಾ ಸುಲಭಕ್ಕೆ ಒಪ್ಪಲಿಲ್ಲ. ಲಗ್ನಸರಾಯಿ, ಅಂದರೆ ಮದುವೆಗಳ ಕಾಲ, ಒಂದಕ್ಷರ ತಪ್ಪಿದರೂ ಹೆಸರು ಕೆಡುತ್ತದೆ ಎಂಬ ಅಂಜಿಕೆ ಅವರದು. ಪ್ರತಿ ಪ್ರೂಫನ್ನೂ ನಾನೇ ಖುದ್ದಾಗಿ ತಿದ್ದುತ್ತೇನೆ, ನಾನು ಕನ್ನಡ ಎಂ.ಎ. ಎಂದೆ. ಎಂ.ಎ.ಗೆ ಅವರು ಸೋತರು.

ಒಂಬತ್ತನೆಯ ತರಗತಿಯ ನಾಲ್ವರು ಹೋದರು. ಮೂರನೆಯ ದಿನ ಕಬ್ಬೂರದ ಸುರೇಖಾ ಒಂದು ಲಗ್ನಪತ್ರಿಕೆ ಜೋಡಿಸಿದ್ದಳು. ಪ್ರೂಫ್ ನೋಡಿದವನೇ ಕೆಂಪು ಪೆನ್ನು ತೆಗೆದೆ. ವರ ‘ಚಿ. ಸುಮತಿ’, ವಧು ‘ಚಿ. ಸೌ. ಕಾಂ. ರತನ’! ಸದ್ಯ, ನನ್ನ ಕಣ್ಣಿಗೆ ಬಿತ್ತಲ್ಲ ಎಂದು ದೇವರನ್ನು ನೆನೆದು ಎರಡೂ ಹೆಸರುಗಳನ್ನು ಅದಲುಬದಲು ಮಾಡಿದೆ.

"ಸರ್, ಅವರು ಬರಕೊಟ್ಟಿದ್ದು ಹಂಗ ಐತ್ರಿ" ಎಂದಳು ಸುರೇಖಾ.

ಬರೆದವರು ಗಡಿಬಿಡಿಯಲ್ಲಿದ್ದಿರಬೇಕು ಎಂದೆ. ಅಷ್ಟಕ್ಕೇ ಬಿಡದೆ, ಸುಮತಿ ಎಂಬುದು ಸ್ತ್ರೀಲಿಂಗ ಹೇಗೆ ಎಂಬುದನ್ನು ನಾಲ್ವರನ್ನೂ ನಿಲ್ಲಿಸಿಕೊಂಡು ಪಾಠ ಮಾಡಿದೆ. ಪತ್ರಿಕೆ ಅಚ್ಚಾಯಿತು.

ಮರುದಿನ ನನ್ನ ಸಮಯಪ್ರಜ್ಞೆಯನ್ನು ಹೆಡ್‌ಮಾಸ್ತರರಿಗೆ ವರ್ಣಿಸಿದೆ. ಅವರು ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

"ನಮ್ಮ ಹಿರೇಮಗನ ಹೆಸರೂ ಸುಮತಿ ಐತ್ರಿ. ತೀರ್ಥಂಕರರ ಹೆಸರದು. ಜೈನರ ಮನ್ಯಾಗ ಗಂಡಸರಿಗೆ ಇಡ್ತಾರ."

ಹಾಗಾದರೆ ರತನ ಎಂದು ಕೇಳಿದೆ. ಅವರ ಹೆಂಡತಿಯ ತಂಗಿಯ ಹೆಸರೂ ರತನ ಎಂದೇ ಅಂತೆ.

ಪ್ರೆಸ್ಸಿಗೆ ಓಡಿದೆ. ವರನ ತಂದೆ ಅಪ್ಪಾಸಾಹೇಬರು ಪತ್ರಿಕೆಗಳ ಗಂಟು ಹೊತ್ತುಕೊಂಡು ಬೆಳಗಿನ ಬಸ್ಸಿಗೇ ಬೇಡಕಿಹಾಳಕ್ಕೆ ಹೋಗಿದ್ದರು. ಬಾಬುಕಾಕಾ ನನ್ನನ್ನು ಬೈಯಲಿಲ್ಲ. ನಾಳೆಯಿಂದ ಹುಡುಗರು ಬರುವುದು ಬೇಡ ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ತಪ್ಪು ಎಂ.ಎ.ಯದು, ಶಿಕ್ಷೆ ಒಂಬತ್ತನೆಯ ತರಗತಿಗೆ.

ಬೇಡಕಿಹಾಳದ ಬಸ್ಸು ಕೈ ಮಾಡಿದಲ್ಲೆಲ್ಲ ನಿಂತಿತು. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಮದುವೆ ಮುರಿಯುವುದು, ನನ್ನನ್ನು ಕಂಬಕ್ಕೆ ಕಟ್ಟುವುದು, ವಿಷಯ ತುಮಕೂರಿನ ಮಾವನವರ ತನಕ ಹೋಗುವುದು ಎಲ್ಲವನ್ನೂ ಕ್ರಮವಾಗಿ ಕಲ್ಪಿಸಿಕೊಂಡೆ. ಟಿಕೆಟ್ಟು ಬೆವರಿಗೆ ಮುದ್ದೆಯಾಯಿತು.

ಮನೆಯ ಕಟ್ಟೆಯ ಮೇಲೆ ದಪ್ಪ ಮೀಸೆಯ ತರುಣನೊಬ್ಬ ಪತ್ರಿಕೆ ಹಿಡಿದು ಕೂತಿದ್ದ. ತಾನು ಸೌಭಾಗ್ಯಕಾಂಕ್ಷಿಣಿಯಾಗಿರುವುದನ್ನು ಎರಡನೆಯ ಸಲ ಓದುತ್ತಿದ್ದನೆಂದು ಕಾಣುತ್ತದೆ. ನಾನು ಯಾರೆಂದು ತೊದಲುತ್ತ ಹೇಳಿದೆ. ಒಳಗಿಂದ ಅಪ್ಪಾಸಾಹೇಬರು ಬಂದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಮ್ಮ ಮಗನ್ನ ಕೊಟ್ಟು ಕಳಿಸಾವ್ರು ನೀವ ಏನ್ರಿ?"

ಹೌದೆಂದೆ. ತಪ್ಪು ಮಕ್ಕಳದಲ್ಲ, ನನ್ನೊಬ್ಬನದೇ, ಅವರ ಕೆಲಸ ಬಿಡಿಸಬೇಡಿರೆಂದು ಮಾಲಕರಿಗೆ ಒಂದು ಮಾತು ಹೇಳಿ ಎಂದು ಕೈ ಮುಗಿದೆ. ಅವರು ಮಗನ ಕೈಯಿಂದ ಪತ್ರಿಕೆ ತೆಗೆದುಕೊಂಡು ಮಡಚಿದರು. ಆಮೇಲೆ, ಓಣಿಯಲ್ಲಿ ಹಂಚಿರುವ ಹತ್ತು ಪತ್ರಿಕೆಗಳನ್ನು ಮನೆಮನೆಗೆ ಹೋಗಿ ಕಾರಣ ಹೇಳಿ ನೀವೇ ಇಸಿದುಕೊಂಡು ಬನ್ನಿ, ಮುಂದಿನದು ನೋಡೋಣ ಎಂದರು.

ಮನೆ ತೋರಿಸಲು ವರನೇ ಜೊತೆಗೆ ಬಂದ. ಪ್ರತಿ ಬಾಗಿಲಲ್ಲೂ ನಾನು ಕಾರಣ ಹೇಳುವುದು, ಅವನು ನೆಲ ನೋಡುತ್ತ ನಿಲ್ಲುವುದು. ಒಂಬತ್ತು ಸಿಕ್ಕವು. ಹತ್ತನೆಯ ಮನೆಯ ಅಜ್ಜಿ ನನ್ನ ಕಥೆಯನ್ನು ಎರಡು ಸಲ ಹೇಳಿಸಿಕೊಂಡು ಕೇಳಿ, ಪತ್ರಿಕೆಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿಬಿಟ್ಟರು.

ಮರುದಿನ ಅಪ್ಪಾಸಾಹೇಬರೇ ಪ್ರೆಸ್ಸಿಗೆ ಬಂದು, ಮೊದಲು ಸರಿಯಾಗಿ ಜೋಡಿಸಿದ ಹುಡುಗಿಯೇ ಮತ್ತೆ ಜೋಡಿಸಲಿ ಎಂದು ಪಟ್ಟು ಹಿಡಿದರು. ಬಾಬುಕಾಕಾ ಮೆತ್ತಗಾದರು.

"ಹುಡುಗರು ಬರ್ಲಿ. ಸರ್, ನೀವು ಮಾತ್ರ ಪ್ರೂಫ್ ಮುಟ್ಟಬ್ಯಾಡ್ರಿ."

ಉಳಿದ ದಿನಗಳಲ್ಲಿ ಮಕ್ಕಳು ಮೊಳೆ ಜೋಡಿಸಿದರು. ನನಗೆ ಅಚ್ಚಾದ ಪತ್ರಿಕೆಗಳನ್ನು ಸುತಳಿಯಿಂದ ಕಟ್ಟುವ ಕೆಲಸ ಸಿಕ್ಕಿತು. ಮೊದಲ ಕಟ್ಟು ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಸುರೇಖಾ ಬಂದು ಅದನ್ನು ಎತ್ತಿ ನೋಡಿದಳು.

"ಸರ್, ಗಂಟು ಸಡ್ಲ ಆಗೇತ್ರಿ."

ಈ ಸಲ ನಾನು ವ್ಯಾಕರಣ ಹೇಳಲಿಲ್ಲ. ಬಿಚ್ಚಿ ಮತ್ತೆ ಕಟ್ಟಿದೆ.