ಹೀರಾಬಾಯಿಗೆ ಮಂಜೂರಾದ ನೀಲಿ ಪರದೆ

ಕಾರವಾರದ ಮೀನು ಮಾರಾಟಗಾರರ ಪರವಾನಗಿ ಕಚೇರಿಗೆ ಕಳೆದ ಜೂನ್ ತಿಂಗಳಲ್ಲಿ ಸ್ವಂತದ್ದೊಂದು ಸರ್ವರ್ ಬಂದಿತು.

ಅದುವರೆಗೆ ಅರ್ಜಿದಾರರ ಫೋಟೋಗಳನ್ನು ಹೊರಗಿನ ಯಾವುದೋ ವೆಬ್‌ಸೈಟ್ ಪುಕ್ಕಟೆಯಾಗಿ ಬೇಡದ ಭಾಗ ಅಳಿಸಿ ಅಳತೆಗೆ ತಂದು ಕೊಡುತ್ತಿತ್ತು. ನಮ್ಮ ಜನರ ಮುಖ ಪರರ ಕಂಪ್ಯೂಟರಿನಲ್ಲಿ ಇರುವುದು ಗೌರವಕ್ಕೆ ತಕ್ಕದ್ದಲ್ಲವೆಂದು ಸಭೆಯಲ್ಲಿ ತೀರ್ಮಾನವಾಯಿತು. ಸರ್ವರ್‌ಗೆ ತಂಪು ಬೇಕು. ಎಸಿ ಇದ್ದುದು ಅಧಿಕಾರಿ ವೈಜಯಂತಿ ಮೇಡಂ ಅವರ ಕೋಣೆಗೆ ಮಾತ್ರ. ಆದ್ದರಿಂದ ಮೇಡಂ ಕುರ್ಚಿ ಸಮೇತ ಜಗಲಿಗೆ ವರ್ಗವಾದರು. ತಂತ್ರಜ್ಞ ಕಿಶನ ಮೂರು ವಾರ ಒಳಗೆ ಕುಳಿತು ಫೋಟೋ ಸೇವೆಯನ್ನು ಸ್ಥಾಪಿಸಿದ. ಪ್ರಯೋಗಕ್ಕೆ ಒಂದೇ ಒಂದು ಫೋಟೋ ಹಾಕಿದ. ಅದು ಉದ್ಘಾಟನೆಗೆ ಬರಲಿದ್ದ ಗಣ್ಯರದು. ಯಂತ್ರ ಆ ಮುಖವನ್ನು ಚೆನ್ನಾಗಿ ಕಲಿತುಕೊಂಡಿತು.

ಮೊದಲ ಅರ್ಜಿದಾರಳು ಅಂಕೋಲಾದ ಹೀರಾಬಾಯಿ. ಇಪ್ಪತ್ತೆರಡು ವರ್ಷ ರಸ್ತೆ ಬದಿಯಲ್ಲಿ ಬಂಗಡೆ ಮಾರಿದವಳು. ಹೊಸ ಮಾರುಕಟ್ಟೆಯಲ್ಲಿ ಜಾಗ ಸಿಗಬೇಕಾದರೆ ಸೋಮವಾರದೊಳಗೆ ಕಾರ್ಡು ತೋರಿಸಬೇಕಿತ್ತು. ಕಚೇರಿಯ ನೀಲಿ ಪರದೆಯ ಮುಂದೆ ನಿಲ್ಲಿಸಿ ಅವಳ ಫೋಟೋ ತೆಗೆದರು. ಯಂತ್ರಕ್ಕೆ ಮುಖವೆಂದರೆ ಗಣ್ಯರದೊಂದೇ ಗೊತ್ತಿದ್ದುದರಿಂದ ಅದು ಅನಗತ್ಯ ಭಾಗವನ್ನು ನಿಯಮಾನುಸಾರ ಅಳಿಸಿತು. ಕಾರ್ಡಿನಲ್ಲಿ ಪರದೆ ಉಳಿಯಿತು, ಹೀರಾ ಉಳಿಯಲಿಲ್ಲ.

“ಇದ್ರಲ್ಲಿ ನಾ ಇಲ್ಲಲ್ರಾ ಮೇಡಂ,” ಎಂದಳು ಹೀರಾ.

ಮೇಡಂ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಅಳತೆ ಸರಿಯಿದೆ, ಹಿನ್ನೆಲೆ ಸ್ಪಷ್ಟವಿದೆ, ಮುಖ ಇರಲೇಬೇಕೆಂದು ಸುತ್ತೋಲೆಯಲ್ಲಿ ಎಲ್ಲಿಯೂ ಹೇಳಿಲ್ಲ ಎಂದು ಸಮಾಧಾನಪಡಿಸಿದರು. ಇನ್ನೊಮ್ಮೆ ತೆಗೆಯಬಹುದಲ್ಲ ಎಂದು ಅವಳು ಕೇಳಿದಾಗ ಕಿಶನ ತನ್ನ ಕಷ್ಟ ವಿವರಿಸಿದ. ಸರಿಪಡಿಸಲು ಸರ್ವರ್ ನಿಲ್ಲಿಸಬೇಕು. ನಿಲ್ಲಿಸಿದರೆ ಉದ್ಘಾಟನೆಯನ್ನು ಮತ್ತೊಮ್ಮೆ ಮಾಡಬೇಕು. ಗಣ್ಯರಿಗೆ ದೀಪಾವಳಿಯವರೆಗೆ ಪುರುಸೊತ್ತಿಲ್ಲ.

ಹೀರಾ ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಅದು ಇನ್ನೂ ಇದೆಯೋ ಎಂದು ಮುಟ್ಟಿ ನೋಡಿಕೊಂಡಂತಿತ್ತು. ಆಮೇಲೆ ಎದ್ದಳು.

“ಹಂಗಾರೆ ಆ ಪರ್ದೆನೇ ಕೊಡಿ. ಕಾರ್ಡಲ್ಲಿ ಇದ್ದದ್ದು ಅದೇ ಅಲ್ದಾ.”

ಬೇಡಿಕೆ ನ್ಯಾಯವಾಗಿತ್ತು. ಸಹಿ ಹಾಕಿಸಿಕೊಂಡು ಪರದೆ ಬಿಚ್ಚಿಕೊಟ್ಟರು.

ಸೋಮವಾರ ಪರಿಶೀಲಕ ತುಳಸಿದಾಸ ಮಾರುಕಟ್ಟೆಗೆ ಬಂದರು. ಹೀರಾಳನ್ನು ತುಸು ಪಕ್ಕಕ್ಕೆ ಸರಿಯಲು ಹೇಳಿ, ಕಾರ್ಡನ್ನು ಅವಳು ಕಟ್ಟಿದ್ದ ಪರದೆಗೆ ಹಿಡಿದು ತಾಳೆ ನೋಡಿದರು. ಹೋಲಿಕೆಯಲ್ಲಿ ಕುಂದಿರಲಿಲ್ಲ. ಮೂರನೆಯ ಕಟ್ಟೆ ಪರದೆಗೆ ಮಂಜೂರಾಯಿತು. ಹೀರಾಳನ್ನು ಅದರ ಸಹಾಯಕಿ ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಮೊದಮೊದಲು ಗಿರಾಕಿಗಳು ಹೀರಾಳ ಜೊತೆಗೇ ಚೌಕಾಸಿ ಮಾಡುತ್ತಿದ್ದರು. ಈಗ ಪರದೆಯ ಕಡೆ ತಿರುಗಿ ಕೇಳುತ್ತಾರೆ. ಉತ್ತರ ಹಿಂದಿನಿಂದ ಬರುತ್ತದೆ. ಪರದೆ ಹಳಸಿದ ಮೀನು ಮಾರಿತೆಂಬ ದೂರು ಇದುವರೆಗೆ ಕಚೇರಿಗೆ ಬಂದಿಲ್ಲ.